ನೆಟ್‌ವರ್ಕ್‌ಗೆ ಎಷ್ಟು ಮಿದುಳು ಬೇಕು?

ಎಸ್‌ಡಿಎನ್ ಅಂದರೇನು ಎಂದು ವೈವಾದಲ್ಲಿ ಕೇಳಿ ನೋಡಿ. ನಮ್ಮ ಬ್ಯಾಚಿನ ಯಾರೇ ಆಗಲಿ ನಿದ್ದೆಗಣ್ಣಲ್ಲೂ ಹೇಳುತ್ತಾರೆ: ‘ಕಂಟ್ರೋಲ್ ಪ್ಲೇನ್ ಬೇರೆ, ಡೇಟಾ ಪ್ಲೇನ್ ಬೇರೆ, ಎಲ್ಲವನ್ನೂ ನೋಡಿಕೊಳ್ಳೋಕೆ ಒಂದು ಸೆಂಟ್ರಲೈಸ್ಡ್ ಕಂಟ್ರೋಲರ್ ಸರ್.’ ‘ಆ ಕಂಟ್ರೋಲರೇ ಕೈಕೊಟ್ಟರೆ?’ ಎಂಬ ಮರುಪ್ರಶ್ನೆಗೂ ಉತ್ತರ ರೆಡಿ: ‘ಮಲ್ಟಿಪಲ್ ಕಂಟ್ರೋಲರ್ ಹಾಕ್ತೀವಿ ಸರ್.’ ಎಕ್ಸ್‌ಟರ್ನಲ್ ತಲೆಯಾಡಿಸುತ್ತಾರೆ, ಮಾರ್ಕ್ಸ್ ಬೀಳುತ್ತದೆ, ಮುಂದಿನ ಯುಎಸ್‌ಎನ್ ಕೂಗುತ್ತಾರೆ.

ನನ್ನ ತಕರಾರು ಈ ಎರಡನೇ ಉತ್ತರದ ಮೇಲೆ. ಒಂದರ ಬದಲು ಮೂರು ಇಟ್ಟರೆ ಸಮಸ್ಯೆ ಮುಗಿಯಿತು ಎಂದುಕೊಳ್ಳುವುದು, ಮನೆಗೆ ಮೂರು ಬೀಗ ಹಾಕಿ ಮೂರರ ಕೀಲಿಯನ್ನೂ ಬಾಗಿಲ ಪಕ್ಕದ ಒಂದೇ ಮೊಳೆಗೆ ನೇತುಹಾಕಿದಂತೆ. ಮೂರು ಕಂಟ್ರೋಲರ್ ಇಟ್ಟ ದಿನವೇ ಹೊಸ ಪ್ರಶ್ನೆಗಳು ಶುರುವಾಗುತ್ತವೆ. ಯಾರ ಮಾತು ನಡೆಯಬೇಕು? ಮೂವರ ನಡುವಿನ ಸಂಪರ್ಕ ಕಡಿದರೆ ಯಾರು ಸುಮ್ಮನಿರಬೇಕು? ಮೂವರೂ ಒಟ್ಟಿಗೆ ಮಲಗಿಬಿಡುವ ದಾರಿ ಯಾವುದಾದರೂ ಉಳಿದಿದೆಯೇ? ನಿಜವಾದ ಎಂಜಿನಿಯರಿಂಗ್ ಇರುವುದು ಈ ಪ್ರಶ್ನೆಗಳಲ್ಲಿ. ನಮ್ಮ ಪಾಠ ಮಾತ್ರ ಇದಕ್ಕೆ ಒಂದು ಹೆಜ್ಜೆ ಹಿಂದೆಯೇ ನಿಂತುಬಿಡುತ್ತದೆ.

ಬೇರೆ ಬ್ರಾಂಚಿನವರಿಗೆ, ಬಿ.ಕಾಂ., ಬಿ.ಎ. ಓದುವ ಗೆಳೆಯರಿಗೆ ಮೊದಲು ವಿಷಯ ಹೇಳಿಬಿಡುತ್ತೇನೆ. ಸಾಮಾನ್ಯ ನೆಟ್‌ವರ್ಕಿನಲ್ಲಿ ಪ್ರತಿ ರೂಟರ್ ತನ್ನ ಬುದ್ಧಿ ತಾನೇ ಓಡಿಸುತ್ತದೆ. ಅಕ್ಕಪಕ್ಕದ ರೂಟರ್‌ಗಳ ಜೊತೆ ಮಾತಾಡಿ, ಯಾವ ವಿಳಾಸಕ್ಕೆ ಯಾವ ದಾರಿ ಎಂದು ತಾನೇ ಲೆಕ್ಕ ಹಾಕುತ್ತದೆ. ಸಾಫ್ಟ್‌ವೇರ್ ಡಿಫೈನ್ಡ್ ನೆಟ್‌ವರ್ಕಿಂಗ್, ಅಂದರೆ ಎಸ್‌ಡಿಎನ್, ಆ ಬುದ್ಧಿಯನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದು ಒಂದು ಸರ್ವರ್ ಮೇಲೆ ಓಡುವ ಸಾಫ್ಟ್‌ವೇರ್‌ಗೆ ಕೊಡುತ್ತದೆ. ಆ ಸಾಫ್ಟ್‌ವೇರೇ ಕಂಟ್ರೋಲರ್. ಕೆಳಗಿನ ಸ್ವಿಚ್ ಬಳಿ ಉಳಿಯುವುದು ಒಂದು ನಿಯಮಗಳ ಪಟ್ಟಿ ಮಾತ್ರ: ಈ ವಿಳಾಸದ ಪ್ಯಾಕೆಟ್ ಬಂದರೆ ಆ ಪೋರ್ಟಿಗೆ ಕಳಿಸು. ಪಟ್ಟಿಯಲ್ಲಿ ಇಲ್ಲದ್ದು ಬಂದರೆ ಕಂಟ್ರೋಲರನ್ನು ಕೇಳಬೇಕು. ಹೊಸಕೋಟೆಯಿಂದ ಸೂಲಿಬೆಲೆಗೆ ಬರುವ ಬಸ್ಸಿನ ಕಂಡಕ್ಟರ್ ಗೊತ್ತಿರುವ ಸ್ಟಾಪಿಗೆ ತಾನೇ ಟಿಕೆಟ್ ಕೊಟ್ಟು, ಕೇಳದ ಊರಿನ ಹೆಸರು ಬಂದಾಗ ಮಾತ್ರ ಡಿಪೊಗೆ ಫೋನ್ ಮಾಡಿದ ಹಾಗೆ.

ಇದಕ್ಕೆ ದಾರಿ ಮಾಡಿಕೊಟ್ಟದ್ದು 2008ರಲ್ಲಿ ಸ್ಟ್ಯಾನ್‌ಫರ್ಡ್‌ನ ನಿಕ್ ಮೆಕಿಯೋನ್ ಮತ್ತು ಜೊತೆಗಾರರು ಬರೆದ ಓಪನ್‌ಫ್ಲೋ ಪ್ರಬಂಧ. ಅದರ ಆಸೆ ದೊಡ್ಡದೇನಲ್ಲ, ಕಾಲೇಜು ಕ್ಯಾಂಪಸ್ಸಿನ ನೆಟ್‌ವರ್ಕಿನಲ್ಲೇ ಹೊಸ ಪ್ರಯೋಗ ಮಾಡಲು ಒಂದು ಅವಕಾಶ ಬೇಕು ಎಂಬುದಷ್ಟೆ. ಕ್ಯಾಂಪಸ್ಸಿಗೆ ಒಂದು ಡಿಪೊ ಸಾಕು. ಆದರೆ ಇದೇ ಐಡಿಯಾವನ್ನು ಒಂದು ರಾಜ್ಯಕ್ಕೆ, ಒಂದು ದೇಶಕ್ಕೆ ಹಿಗ್ಗಿಸಲು ಹೊರಟಾಗ ಎಲ್ಲರಿಗೂ ಹೊಳೆದ ಮೊದಲ ಅನುಮಾನ, ಅಷ್ಟು ದೂರಕ್ಕೆ ಒಂದೇ ಕಂಟ್ರೋಲರ್ ಸಾಕಾಗುತ್ತದೆಯೇ ಎಂಬುದು.

ದೂರದ ಲೆಕ್ಕವನ್ನು ನಾವೇ ಹಾಕಬಹುದು. ಫೈಬರ್ ಒಳಗೆ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಹೋಗುತ್ತದೆ. ಬೆಂಗಳೂರಿನಿಂದ ಬೀದರ್‌ಗೆ ರಸ್ತೆಯಲ್ಲಿ ಸುಮಾರು 700 ಕಿ.ಮೀ. ಎಂದಿಟ್ಟುಕೊಂಡರೆ ಹೋಗಿ ಬರಲು 7 ಮಿಲಿಸೆಕೆಂಡ್. ಟೆಲಿಕಾಂ ರಿಂಗ್‌ಗಳಲ್ಲಿ ತಂತಿ ಕಡಿದಾಗ ದಾರಿ ಬದಲಿಸಲು ಇಟ್ಟುಕೊಂಡಿರುವ ಹಳೆಯ ಗುರಿಯೇ 50 ಮಿಲಿಸೆಕೆಂಡ್. ಹಾಗಾಗಿ ಬೀದರ್‌ನ ಸ್ವಿಚ್ ಬೆಂಗಳೂರಿನ ಕಂಟ್ರೋಲರನ್ನು ಕೇಳಿಕೊಂಡು ಕೆಲಸ ಮಾಡಿದರೂ, ಬರೀ ದೂರದ ದೃಷ್ಟಿಯಿಂದ, ಆಕಾಶವೇನೂ ಕಳಚಿ ಬೀಳುವುದಿಲ್ಲ. 2012ರಲ್ಲಿ ಬ್ರ್ಯಾಂಡನ್ ಹೆಲ್ಲರ್, ರಾಬ್ ಶೆರ್ವುಡ್ ಮತ್ತು ಮೆಕಿಯೋನ್ ಹಲವು ನಿಜವಾದ ನೆಟ್‌ವರ್ಕ್ ನಕ್ಷೆಗಳನ್ನು ಇಟ್ಟುಕೊಂಡು ಕಂಟ್ರೋಲರನ್ನು ಎಲ್ಲಿಡಬೇಕು, ಎಷ್ಟಿಡಬೇಕು ಎಂದು ಲೆಕ್ಕ ಹಾಕಿದರು. ಉತ್ತರ ನನಗೆ ಅಚ್ಚರಿ ತಂದಿತು: ಸ್ಪಂದಿಸುವ ಸಮಯವಷ್ಟೇ ಮುಖ್ಯವಾದರೆ ಎಷ್ಟೋ ಕಡೆ ಒಂದೇ ಕಂಟ್ರೋಲರ್ ಸಾಕು. ಆದರೆ ಕೆಟ್ಟಾಗ ತಡೆದುಕೊಳ್ಳುವ ಶಕ್ತಿಗೆ ಒಂದು ಸಾಲದು ಎಂದೂ ಅವರೇ ಹೇಳಿದ್ದಾರೆ.

ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಒಂದಕ್ಕಿಂತ ಹೆಚ್ಚು ಕಂಟ್ರೋಲರ್ ಇಡಲು ಕೆಲಸದ ಹೊರೆಯೂ ಒಂದು ಕಾರಣ ಹೌದು. ಆದರೆ ದೊಡ್ಡ ಕಾರಣ ಸಾವು. ಯಂತ್ರ ಸಾಯುತ್ತದೆ, ತಂತಿ ಕಡಿಯುತ್ತದೆ, ಕರೆಂಟ್ ಹೋಗುತ್ತದೆ. ಸಾವಿಗೆ ತಯಾರಾಗಲು ಇಟ್ಟ ವ್ಯವಸ್ಥೆಯನ್ನು ಸಾಯಿಸಿ ನೋಡದೆಯೇ ‘ವರ್ಕಿಂಗ್ ಸರ್’ ಅನ್ನುವುದು ಹೇಗೆ?

ಓಪನ್‌ಫ್ಲೋ 1.2 ಆವೃತ್ತಿ ಬಂದದ್ದು 2011ರ ಡಿಸೆಂಬರ್‌ನಲ್ಲಿ. ಅದರಲ್ಲಿ ಒಂದು ಸ್ವಿಚ್ಚಿಗೆ ಹಲವು ಕಂಟ್ರೋಲರ್ ಇರಬಹುದು ಎಂದು ಮೊದಲ ಬಾರಿಗೆ ಬರೆದುಕೊಟ್ಟರು. ಮೂರು ಪಾತ್ರಗಳಿವೆ. ‘ಈಕ್ವಲ್’ ಆದರೆ ಎಲ್ಲರಿಗೂ ಸಮಾನ ಅಧಿಕಾರ. ‘ಮಾಸ್ಟರ್’ ಆದರೆ ಬರೆಯುವ ಅಧಿಕಾರ ಒಬ್ಬನಿಗೆ. ‘ಸ್ಲೇವ್’ ಆದರೆ ಓದಬಹುದು, ಬರೆಯುವಂತಿಲ್ಲ. ನಮ್ಮ ನೋಟ್ಸಿನಲ್ಲಿ ಇಷ್ಟು ಇರುತ್ತದೆ. ಅದರ ಕೆಳಗಿರುವ ಇನ್ನೆರಡು ಸಂಗತಿಗಳೇ ನನಗೆ ರುಚಿಸಿದ್ದು. ಯಾರು ಮಾಸ್ಟರ್ ಎಂದು ಸ್ವಿಚ್ ತೀರ್ಮಾನಿಸುವುದಿಲ್ಲ. ಅದನ್ನು ಕಂಟ್ರೋಲರ್‌ಗಳು ತಮ್ಮೊಳಗೇ ಬಗೆಹರಿಸಿಕೊಂಡು ಬರಬೇಕು. ಎರಡನೆಯದು, ಮಾಸ್ಟರ್ ಪಟ್ಟ ಕೇಳಲು ಬರುವವನು ಒಂದು ಕ್ರಮಸಂಖ್ಯೆ ತರಬೇಕು, ಜನರೇಷನ್ ಐಡಿ ಎನ್ನುತ್ತಾರೆ. ಪಟ್ಟ ಬದಲಾದಾಗಲೆಲ್ಲ ಆ ಸಂಖ್ಯೆ ಮೇಲಕ್ಕೇ ಹೋಗುತ್ತದೆ. ಸ್ವಿಚ್ ಕಂಡಿರುವುದಕ್ಕಿಂತ ಹಳೆಯ ಸಂಖ್ಯೆ ಹಿಡಿದು ಬಂದರೆ ಬಾಗಿಲಲ್ಲೇ ವಾಪಸ್.

ಯಾಕೆ ಬೇಕು ಇದು? ಮಾಸ್ಟರ್ ಸತ್ತಿರುವುದಿಲ್ಲ, ಅವನ ತಂತಿ ಮಾತ್ರ ಕಡಿದಿರುತ್ತದೆ. ಇತ್ತ ಹೊಸಬ ಅಧಿಕಾರ ವಹಿಸಿಕೊಂಡಿರುತ್ತಾನೆ. ತಂತಿ ಸರಿಹೋದ ಮೇಲೆ ಹಳಬ ಎದ್ದು ಬಂದು, ಏನೂ ಆಗಿಲ್ಲ ಎಂಬಂತೆ ಆರ್ಡರ್ ಹೊರಡಿಸಲು ಶುರುಮಾಡುತ್ತಾನೆ. ವರ್ಗಾವಣೆಯಾದ ತಹಶೀಲ್ದಾರರು ಹಳೇ ಸೀಲು ಹಿಡಿದು ಪಹಣಿಗೆ ಸಹಿ ಹಾಕಿದರೆ ಊರಿನಲ್ಲಿ ಎಂಥ ರಾಮಾಯಣವಾಗುತ್ತದೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಸೀಲಿನ ಮೇಲೆ ಸಂಖ್ಯೆ ಹಾಕಿದ್ದು ಅದಕ್ಕೇ.

ಇನ್ನು ತಮ್ಮೊಳಗೆ ಬಗೆಹರಿಸಿಕೊಳ್ಳುವುದು ಹೇಗೆ? ಬಹುಮತದಿಂದ. 2014ರಲ್ಲಿ ಡಿಯಾಗೊ ಒಂಗಾರೊ ಮತ್ತು ಜಾನ್ ಔಸ್ಟರ್‌ಹೌಟ್ ಪ್ರಕಟಿಸಿದ ರಾಫ್ಟ್ ಎಂಬ ವಿಧಾನ ಇದಕ್ಕೆ ಹೆಚ್ಚು ಬಳಕೆಯಲ್ಲಿದೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ಎಲ್ಲರಿಗೂ ಮುಕ್ತವಾದ ಓನೋಸ್ ಎಂಬ ಕಂಟ್ರೋಲರ್‌ನಲ್ಲೂ ಮುಂದೆ ಅದನ್ನೇ ಬಳಸಿದರು. ಬಹುಮತ ಎಂದ ಕೂಡಲೇ ಕನ್ನಡಿಗರಿಗೆ ನೆನಪಾಗುವುದು 113. ಆದರೆ ಇಲ್ಲೊಂದು ವ್ಯತ್ಯಾಸವಿದೆ. ನಮ್ಮ ವಿಧಾನಸಭೆಯಲ್ಲಿ ವಿಶ್ವಾಸಮತಕ್ಕೆ ಲೆಕ್ಕ ಹಿಡಿಯುವುದು ಹಾಜರಿದ್ದು ಮತ ಹಾಕಿದವರನ್ನು. ಕೆಲವರು ರೆಸಾರ್ಟಿನಲ್ಲೇ ಉಳಿದರೆ ಮ್ಯಾಜಿಕ್ ನಂಬರ್ ಕೆಳಗಿಳಿಯುತ್ತದೆ. 2019ರ ಜುಲೈ 23ರಂದು 99–105ರಲ್ಲಿ ಒಂದು ಸರ್ಕಾರ ಬಿದ್ದದ್ದು ಹಾಗೆಯೇ. ರಾಫ್ಟ್‌ನಲ್ಲಿ ರೆಸಾರ್ಟ್ ರಾಜಕೀಯ ನಡೆಯುವುದಿಲ್ಲ. ಗೈರಾದವರೂ ಲೆಕ್ಕದಲ್ಲಿರುತ್ತಾರೆ. ಮೂವರಿದ್ದರೆ ಇಬ್ಬರು ಒಪ್ಪಬೇಕು, ಐವರಿದ್ದರೆ ಮೂವರು.

ಇದರಿಂದ ಬರುವ ಎರಡು ಸಣ್ಣ ಸತ್ಯಗಳನ್ನು ಇಂಟರ್‌ವ್ಯೂಗೆ ಹೋಗುವವರು ಜೇಬಿನಲ್ಲಿಟ್ಟುಕೊಳ್ಳಿ. ಎರಡು ಕಂಟ್ರೋಲರ್‌ಗಳ ಗುಂಪು ಒಂದರಷ್ಟೂ ಗಟ್ಟಿಯಲ್ಲ. ಇಬ್ಬರಲ್ಲಿ ಬಹುಮತ ಎಂದರೆ ಇಬ್ಬರೂ ಬೇಕು, ಒಬ್ಬ ಹೋದರೂ ನಿಂತಿತು. ನಾಲ್ಕು ಇಟ್ಟರೆ ಮೂರಕ್ಕಿಂತ ಲಾಭವಿಲ್ಲ, ಆಗಲೂ ತಡೆದುಕೊಳ್ಳುವುದು ಒಂದೇ ಸಾವು. ಬೆಸ ಸಂಖ್ಯೆ ಇಡುವುದು ಅದಕ್ಕೇ ಹೊರತು ಶಾಸ್ತ್ರಕ್ಕಲ್ಲ.

ಆದರೆ ಬಹುಮತಕ್ಕೂ ಬೆಲೆ ಇದೆ. ಬೆಂಗಳೂರು, ಹುಬ್ಬಳ್ಳಿ, ಕಲಬುರಗಿಯಲ್ಲಿ ಒಂದೊಂದು ಕಂಟ್ರೋಲರ್ ಇಟ್ಟಿದ್ದೇವೆ ಎಂದು ಊಹಿಸಿಕೊಳ್ಳಿ. ಕಲಬುರಗಿ ಕಡೆಯ ತಂತಿಗಳು ಕಡಿದುಹೋದವು. ಕಲಬುರಗಿಯ ಕಂಟ್ರೋಲರ್ ಜೀವಂತವಿದೆ, ಅದರ ಕೆಳಗಿನ ಸ್ವಿಚ್‌ಗಳೂ ಚೆನ್ನಾಗಿವೆ. ಆದರೆ ಅದು ಮೂವರಲ್ಲಿ ಒಬ್ಬ. ನಿಯಮದ ಪ್ರಕಾರ ಅದು ಸುಮ್ಮನೆ ಕೂರಬೇಕು. ಅದರದೇ ಜಿಲ್ಲೆಯೊಳಗೆ ಒಂದು ದಾರಿ ಬದಲಿಸಬೇಕೆಂದರೂ ಬದಲಿಸುವಂತಿಲ್ಲ. ಬೇಡ, ಅದೇ ತೀರ್ಮಾನ ಮಾಡಲಿ ಎಂದು ಬಿಟ್ಟರೆ ಇತ್ತ ಬೆಂಗಳೂರು–ಹುಬ್ಬಳ್ಳಿ ಬೇರೆಯೇ ತೀರ್ಮಾನ ಮಾಡಿ, ತಂತಿ ಕೂಡಿದ ದಿನ ಎರಡು ಸತ್ಯಗಳು ಎದುರುಬದುರಾಗುತ್ತವೆ. ಇದಕ್ಕೆ ಎರಡೂ ಕಡೆ ಸಿಹಿಯಾದ ಉತ್ತರವಿಲ್ಲ. 2013ರಲ್ಲಿ ಆರೊಜಿತ್ ಪಾಂಡ ಮತ್ತು ಸಂಗಡಿಗರು, ಡೇಟಾಬೇಸ್ ಪಾಠದಲ್ಲಿ ನಾವು ಕಲಿಯುವ ಕ್ಯಾಪ್ ಪ್ರಮೇಯದಂಥ ಇಕ್ಕಟ್ಟು ನೆಟ್‌ವರ್ಕಿಗೂ ಇದೆ ಎಂದು ತೋರಿಸಿದ್ದಾರೆ. ಯಾವುದನ್ನು ಬಿಟ್ಟುಕೊಡಬೇಕು ಎಂದು ಮೊದಲೇ ಕೂತು ತೀರ್ಮಾನಿಸಬೇಕು. ಆ ತೀರ್ಮಾನವನ್ನು ಸಾಫ್ಟ್‌ವೇರ್ ತಾನಾಗಿ ಮಾಡಿಕೊಡುವುದಿಲ್ಲ.

ಸರಿ, ಇಷ್ಟೆಲ್ಲ ಮಾಡಿದವರಿಗೂ ಏನಾಗುತ್ತದೆ ನೋಡಿ. ಜಗತ್ತಿನಲ್ಲಿ ಎಸ್‌ಡಿಎನ್ ಅನ್ನು ಅತಿ ದೊಡ್ಡದಾಗಿ ಬಳಸುವವರಲ್ಲಿ ಗೂಗಲ್ ಒಂದು. ತನ್ನ ಡೇಟಾ ಸೆಂಟರ್‌ಗಳನ್ನು ಜೋಡಿಸುವ ಬಿ4 ಎಂಬ ನೆಟ್‌ವರ್ಕಿನ ಬಗ್ಗೆ ಅದು 2013ರಲ್ಲೇ ಪ್ರಬಂಧ ಬರೆದಿತ್ತು. ಪ್ರತಿ ಜಾಗಕ್ಕೂ ಬೇರೆ ಕಂಟ್ರೋಲರ್, ಪ್ರತಿಯೊಂದಕ್ಕೂ ಮೀಸಲು ಪ್ರತಿಗಳು, ಮಾಸ್ಟರ್ ಆಯ್ಕೆಗೆ ಪಾಕ್ಸೋಸ್. ಪುಸ್ತಕದಲ್ಲಿ ಹೇಳಿದ ಎಲ್ಲ ಮುನ್ನೆಚ್ಚರಿಕೆಯೂ ಅಲ್ಲಿದೆ. ಅಂಥ ಕಂಪನಿಯ ನೆಟ್‌ವರ್ಕು 2019ರ ಜೂನ್ 2ರಂದು ನಾಲ್ಕು ಗಂಟೆಯಷ್ಟು ಹೊತ್ತು ಅಮೆರಿಕದ ಹಲವು ಭಾಗಗಳಲ್ಲಿ ಏದುಸಿರು ಬಿಟ್ಟಿತು. ಯೂಟ್ಯೂಬ್, ಜಿಮೇಲ್, ಗೂಗಲ್ ಕ್ಲೌಡ್ ನಂಬಿದ ಅಂಗಡಿಗಳು, ಎಲ್ಲಕ್ಕೂ ಏಟು ಬಿತ್ತು.

ಕಾರಣವನ್ನು ಗೂಗಲ್ ತಾನೇ ಬರೆದು ಪ್ರಕಟಿಸಿತು. ಒಂದು ಮೇಂಟೆನೆನ್ಸ್ ಸಾಫ್ಟ್‌ವೇರ್ ಇತ್ತು. ಯಂತ್ರಗಳ ರಿಪೇರಿ ಇದ್ದಾಗ ಅವುಗಳ ಮೇಲೆ ಓಡುತ್ತಿರುವ ಕೆಲಸಗಳನ್ನು ನಿಲ್ಲಿಸುವುದು ಅದರ ಕೆಲಸ. ನೆಟ್‌ವರ್ಕ್ ಕಂಟ್ರೋಲ್ ಮಾಡುವ ಪ್ರೋಗ್ರಾಂಗಳನ್ನೂ ನಿಲ್ಲಿಸಬಹುದು ಎಂದು ಸೆಟ್ಟಿಂಗ್ ಆಗಿತ್ತು. ಅದರ ಜೊತೆ ಆ ಸಾಫ್ಟ್‌ವೇರ್‌ನಲ್ಲೊಂದು ಬಗ್ ಇತ್ತು, ಬೇರೆ ಬೇರೆ ಜಾಗದಲ್ಲಿರುವ, ಒಂದಕ್ಕೊಂದು ಸಂಬಂಧವಿಲ್ಲದ ಕ್ಲಸ್ಟರ್‌ಗಳನ್ನೂ ಅದು ಒಂದೇ ಸಲಕ್ಕೆ ನಿಲ್ಲಿಸಬಲ್ಲದಾಗಿತ್ತು. ನಿಲ್ಲಿಸಿತು. ಬೇರೆ ಬೇರೆ ಊರಿನಲ್ಲಿ ಕಂಟ್ರೋಲರ್ ಇಟ್ಟದ್ದು, ಬಹುಮತದ ಲೆಕ್ಕ ಹಾಕಿದ್ದು, ಯಾವುದೂ ಉಪಯೋಗಕ್ಕೆ ಬರಲಿಲ್ಲ. ಎಲ್ಲವನ್ನೂ ಮಲಗಿಸುವ ಒಂದು ಕೈ ಮೇಲಿತ್ತು. ನಾನು ಆಗಲೇ ಹೇಳಿದ ಒಂದೇ ಮೊಳೆ ಇದೇ.

ಈ ಕಥೆಯಲ್ಲಿ ನನಗೆ ಇಷ್ಟವಾದ ಭಾಗ ಇನ್ನೊಂದಿದೆ. ಮಿದುಳು ಹೋದ ಮೇಲೂ ಸ್ವಿಚ್‌ಗಳು ಕೆಲವು ನಿಮಿಷ ಹಳೆಯ ನಿಯಮಗಳ ಮೇಲೆಯೇ ಕೆಲಸ ಮಾಡಿದವು. ‘ಫೇಲ್ ಸ್ಟ್ಯಾಟಿಕ್’ ಅನ್ನುತ್ತಾರೆ ಅದಕ್ಕೆ, ಆಜ್ಞೆ ಬರದಿದ್ದರೆ ಹಿಂದಿನ ಆಜ್ಞೆಯಂತೆ ನಡಿ ಎಂದರ್ಥ. ಆ ನಿಮಿಷಗಳು ಮುಗಿದ ಮೇಲೆ ದಾರಿಗಳು ಒಂದೊಂದಾಗಿ ಹಿಂದೆ ಸರಿದವು, ಉಳಿದ ದಾರಿಗಳಲ್ಲಿ ಜಾಮ್ ಆಯಿತು. ರಿಪೇರಿ ಮಾಡಬೇಕಾದ ಎಂಜಿನಿಯರುಗಳ ಉಪಕರಣಗಳೂ ಅದೇ ಜಾಮ್‌ನಲ್ಲಿ ಸಿಕ್ಕಿಬಿದ್ದವು! ಮುಂದೆ ಈ ಫೇಲ್ ಸ್ಟ್ಯಾಟಿಕ್ ಅವಧಿಯನ್ನು ಹೆಚ್ಚಿಸುತ್ತೇವೆ ಎಂದು ಗೂಗಲ್ ಹೇಳಿತು. ಕಂಟ್ರೋಲರ್ ಸಂಖ್ಯೆ ಹೆಚ್ಚಿಸುವುದಕ್ಕಿಂತ ಕಂಟ್ರೋಲರ್ ಇಲ್ಲದೆಯೂ ಸ್ವಲ್ಪ ಹೊತ್ತು ಬದುಕುವುದನ್ನು ಕಲಿಸುವುದು ಎಷ್ಟೋ ಸಲ ಜಾಣತನ.

ಸಾಯುವುದಾದರೂ ಪೂರ್ತಿ ಸಾಯಬೇಕು. ಅರ್ಧ ಸತ್ತರೆ ಇನ್ನೂ ಕಷ್ಟ. 2020ರ ನವೆಂಬರ್ 2ರಂದು ಕ್ಲೌಡ್‌ಫ್ಲೇರ್ ಕಂಪನಿಯಲ್ಲಿ ಒಂದು ಸ್ವಿಚ್ ಪೂರ್ತಿ ಕೆಡದೆ ಅರೆಬರೆ ಕೆಟ್ಟಿತು. ರಾಫ್ಟ್ ಮೇಲೆ ನಡೆಯುವ ಮೂವರ ಗುಂಪಿನಲ್ಲಿ ಇಬ್ಬರಿಗೆ ಪರಸ್ಪರ ಮಾತು ನಿಂತಿತು, ಮೂರನೆಯವನ ಜೊತೆ ಮಾತ್ರ ಇಬ್ಬರೂ ಚೆನ್ನಾಗಿದ್ದರು. ಮನೆಮನೆಯಲ್ಲೂ ನೋಡಿರುತ್ತೀರಿ ಇಂಥದ್ದನ್ನು. ಫಲವಾಗಿ ಮತ್ತೆ ಮತ್ತೆ ನಾಯಕನ ಚುನಾವಣೆ, ಆರು ಗಂಟೆಗೂ ಹೆಚ್ಚು ಹೊತ್ತು ಗ್ರಾಹಕರ ಡ್ಯಾಶ್‌ಬೋರ್ಡಿಗೆ ತೊಂದರೆ. ಇನ್ನೊಂದು ಅಪಾಯ ನಮ್ಮ ಹಾಸ್ಟೆಲಿನವರಿಗೆ ಚೆನ್ನಾಗಿ ಗೊತ್ತು. ಒಂದೇ ಸಲ್ಯೂಷನ್ ಪಿಡಿಎಫ್ ನೋಡಿ ಬರೆದ ಮೂವರು ತಮ್ಮ ಉತ್ತರಗಳನ್ನು ಹೋಲಿಸಿ ‘ಕರೆಕ್ಟ್ ಮಗಾ’ ಅಂದುಕೊಳ್ಳುವುದು. ಮೂರೂ ಕಂಟ್ರೋಲರ್ ಒಂದೇ ಸಾಫ್ಟ್‌ವೇರ್, ಒಂದೇ ಆವೃತ್ತಿ ಆದರೆ, ಒಂದನ್ನು ಬೀಳಿಸಿದ ಪ್ಯಾಕೆಟ್ ಉಳಿದೆರಡನ್ನೂ ಬೀಳಿಸುತ್ತದೆ.

ಇದೆಲ್ಲ ಅಮೆರಿಕದ ಕಥೆ, ನಮಗೇನು ಎನ್ನಬೇಡಿ. ಹಲವು ಕಂಟ್ರೋಲರ್‌ಗಳು ಸೇರಿ ನಡೆಸುವ ನೆಟ್‌ವರ್ಕೊಂದು ನಮ್ಮ ಮನೆ ಗೋಡೆಯವರೆಗೂ ಬಂದಿದೆ, ನಾವು ಅದನ್ನು ಹಾಗೆ ನೋಡಿಲ್ಲ ಅಷ್ಟೆ. ವಿದ್ಯುತ್ ಗ್ರಿಡ್. ಕರ್ನಾಟಕದೊಳಗಿನ ಹಂಚಿಕೆ ನೋಡಿಕೊಳ್ಳುವ ರಾಜ್ಯ ಲೋಡ್ ಡಿಸ್ಪ್ಯಾಚ್ ಸೆಂಟರ್ ಇರುವುದು ಬೆಂಗಳೂರಿನಲ್ಲಿ. ಅದರ ಮೇಲೆ, ದಕ್ಷಿಣದ ರಾಜ್ಯಗಳ ನಡುವಿನ ಹರಿವು ನೋಡಿಕೊಳ್ಳುವ ದಕ್ಷಿಣ ಪ್ರಾದೇಶಿಕ ಕೇಂದ್ರ, ಅದೂ ಬೆಂಗಳೂರಿನಲ್ಲೇ. ಎಲ್ಲ ಪ್ರದೇಶಗಳ ಮೇಲೆ ದೆಹಲಿಯ ರಾಷ್ಟ್ರೀಯ ಕೇಂದ್ರ. ಮೂರು ಹಂತದ ಕಂಟ್ರೋಲರ್ ವ್ಯವಸ್ಥೆ, ಎಸ್‌ಡಿಎನ್ ಎಂಬ ಹೆಸರಿಗಿಂತ ಹಳೆಯದು.

2012ರ ಜುಲೈ 30 ಮತ್ತು 31ರಂದು ಈ ವ್ಯವಸ್ಥೆ ಉತ್ತರದಲ್ಲಿ ಕುಸಿಯಿತು. ಆಗ ನಾವೆಲ್ಲ ಪ್ರೈಮರಿ ಸ್ಕೂಲಿನಲ್ಲಿದ್ದೆವು. ಎರಡನೇ ದಿನ ಉತ್ತರ, ಪೂರ್ವ, ಈಶಾನ್ಯ, ಮೂರೂ ಗ್ರಿಡ್ ಹೋಗಿ, ಸುಮಾರು 60 ಕೋಟಿ ಜನ ವಾಸಿಸುವ ಪ್ರದೇಶ ಕತ್ತಲಾಯಿತು. ತನಿಖಾ ಸಮಿತಿ ಮುಖ್ಯವಾಗಿ ನಾಲ್ಕು ಕಾರಣ ಕೊಟ್ಟಿತು. ಮೂರು ತಂತಿಗೆ, ಹೊರೆಗೆ, ರಕ್ಷಣಾ ಉಪಕರಣಕ್ಕೆ ಸಂಬಂಧಿಸಿದವು. ನಾಲ್ಕನೆಯದನ್ನು ನಮ್ಮ ಸಿಲಬಸ್ಸಿಗೇ ಸೇರಿಸಬೇಕು: ಹೆಚ್ಚುವರಿ ವಿದ್ಯುತ್ ಎಳೆಯುವುದನ್ನು ಕಡಿಮೆ ಮಾಡಿ ಎಂದು ಪ್ರಾದೇಶಿಕ ಕೇಂದ್ರಗಳು ಕೊಟ್ಟ ಸೂಚನೆಗೆ ರಾಜ್ಯ ಕೇಂದ್ರಗಳು ಸಾಕಷ್ಟು ಸ್ಪಂದಿಸಲಿಲ್ಲ. ಕಂಟ್ರೋಲರ್‌ಗಳಿಗೆ ಬರವಿರಲಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರು ಕೇಳಲೇಬೇಕಾದ ಏರ್ಪಾಡು ಗಟ್ಟಿಯಿರಲಿಲ್ಲ.

ಆ ಎರಡು ದಿನ ದಕ್ಷಿಣ ಉಳಿಯಿತು. ನಮ್ಮ ಗ್ರಿಡ್ ಆಗ ಉಳಿದ ದೇಶದ ಜೊತೆ ಒಂದೇ ತಾಳಕ್ಕೆ ಕೂಡಿರಲಿಲ್ಲ. ಒಡಿಶಾದ ತಾಲ್ಚೇರ್‌ನಿಂದ ನಮ್ಮ ಪಕ್ಕದ ಕೋಲಾರಕ್ಕೆ ಬರುವ ಲೈನಿನಂತೆ ಡಿಸಿ ಕೊಂಡಿಗಳು ಮಾತ್ರ ಇದ್ದವು. ಅವು ವಿದ್ಯುತ್ತನ್ನು ದಾಟಿಸುತ್ತವೆ, ಆ ಕಡೆಯ ತಾಳ ತಪ್ಪಿದ್ದನ್ನು ಹಾಗೆಯೇ ಈ ಕಡೆಗೆ ತಂದುಹಾಕುವುದಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆ.ವಿ. ಲೈನ್ ಚಾಲೂ ಆದ ಮೇಲೆ ನಾವೂ ಒಂದೇ ಗ್ರಿಡ್ಡಿನೊಳಗೆ ಬಂದೆವು. ಅದರಿಂದ ವಿದ್ಯುತ್ ತರಿಸಿಕೊಳ್ಳಲು ಅನುಕೂಲವಾಯಿತು, ಜೊತೆಗೆ ದೂರದ ತಪ್ಪು ಮನೆಯವರೆಗೆ ಬರುವ ದಾರಿಯೂ ತೆರೆಯಿತು. ಕಂಟ್ರೋಲರ್‌ಗಳನ್ನು ಒಂದೇ ಕ್ಲಸ್ಟರ್ ಮಾಡಬೇಕೋ, ಪ್ರದೇಶವಾರು ಬೇರೆ ಇಟ್ಟು ಸಣ್ಣ ಬಾಗಿಲಿನಿಂದ ಮಾತಾಡಿಸಬೇಕೋ ಎಂದು ಪ್ರಬಂಧಗಳಲ್ಲಿ ನಡೆಯುವ ವಾದ ಇದೇ ವಾದ.

ಗ್ರಿಡ್ಡಿನಿಂದ ಕಲಿಯಬೇಕಾದ್ದು ಇನ್ನೊಂದಿದೆ. ಲೈನಿನ ಮೇಲೆ ಮರದ ಕೊಂಬೆ ಬಿದ್ದರೆ ಸಬ್‌ಸ್ಟೇಷನ್ನಿನ ರಿಲೇ ಬೆಂಗಳೂರಿಗಾಗಲಿ ದೆಹಲಿಗಾಗಲಿ ಫೋನ್ ಮಾಡಿ ಕೇಳುವುದಿಲ್ಲ. ಮಿಲಿಸೆಕೆಂಡುಗಳಲ್ಲಿ ತಾನೇ ಕತ್ತರಿಸುತ್ತದೆ, ಸುದ್ದಿ ಆಮೇಲೆ ಹೋಗುತ್ತದೆ. ನಮ್ಮ ಹಾಲಿನ ಡೇರಿಯೂ ಹಾಗೇ. ಬೆಳಗ್ಗೆ ಸಾಲಿನಲ್ಲಿ ನಿಂತವರ ಹಾಲನ್ನು ಅಳೆದು, ಫ್ಯಾಟ್ ನೋಡಿ, ಪುಸ್ತಕದಲ್ಲಿ ಬರೆಯುವುದು ಊರಿನ ಸಂಘದ ಕಾರ್ಯದರ್ಶಿ. ಲೀಟರಿಗೆ ಎಷ್ಟು ರೇಟು ಎಂಬುದು ಮೇಲಿನ ಒಕ್ಕೂಟದ ತೀರ್ಮಾನ. ಪ್ರತಿ ಕ್ಯಾನಿಗೂ ಒಕ್ಕೂಟವನ್ನು ಕೇಳಬೇಕು ಎಂದಿದ್ದರೆ ಹಾಲು ಸಾಲಿನಲ್ಲೇ ಒಡೆದುಹೋಗುತ್ತಿತ್ತು. 2012ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದಿಂದ ಬಂದ ಕಾಂಡೂ ಎಂಬ ವಿನ್ಯಾಸ ಹೇಳುವುದೂ ಇಷ್ಟನ್ನೇ. ಪದೇ ಪದೇ ಬರುವ, ಸ್ಥಳೀಯವಾಗಿಯೇ ಮುಗಿಯುವ ಕೆಲಸ ಕೆಳಗಿನ ಕಂಟ್ರೋಲರ್‌ಗೆ, ಇಡೀ ನೆಟ್‌ವರ್ಕ್ ಕಾಣಬೇಕಾದ ಅಪರೂಪದ ಕೆಲಸ ಮೇಲಿನವನಿಗೆ. ನನ್ನ ಒಲವು ಈ ಕಡೆಗೆ. ಸಮಾನ ಅಧಿಕಾರದ ಮೂವರನ್ನು ಕೂರಿಸಿ ಎಲ್ಲದಕ್ಕೂ ಸಭೆ ಕರೆಯುವುದಕ್ಕಿಂತ, ಯಾವ ತೀರ್ಮಾನ ಯಾರದು ಎಂದು ಗೆರೆ ಎಳೆಯುವುದು ಮೇಲು.

ಇದೆಲ್ಲ ಹಳ್ಳಿಗೆ ಯಾಕೆ ಮುಖ್ಯ ಅನ್ನುತ್ತೀರಾ? ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತನ್ನು ಕೇಳದ ಮನೆ ನಮ್ಮ ಕಡೆ ಇಲ್ಲ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಲು ಹೋದ ಅಜ್ಜಿಗೆ ಸರ್ವರ್ ಹೋಗಿದೆಯೋ, ಫೈಬರ್ ಕಡಿದಿದೆಯೋ, ಪಕ್ಕದ ರಸ್ತೆಯಲ್ಲಿ ಜೆಸಿಬಿ ಅಗೆಯುತ್ತಿದೆಯೋ ಯಾರೂ ಹೇಳುವುದಿಲ್ಲ. ಅವಳಿಗೆ ಒಂದು ದಿನದ ಕೂಲಿ ಹೋಯಿತು, ಅಷ್ಟೆ. ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಒಪ್ಪಿಗೆ ಕೊಟ್ಟದ್ದು 2011ರಲ್ಲಿ. ಮುಂದೆ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. ಮೊದಲ ಹಂತಗಳಲ್ಲಿ ಫೈಬರ್ ಬಹುಪಾಲು ಒಂದೇ ಸಾಲಾಗಿ ಹೋಗುತ್ತಿತ್ತು, ನಡುವೆ ಒಂದು ಕಡೆ ಕಡಿದರೆ ಮುಂದಿನ ಪಂಚಾಯಿತಿಗಳೆಲ್ಲ ಕತ್ತಲು. 2023ರ ಆಗಸ್ಟ್‌ನಲ್ಲಿ ಸುಮಾರು 1.39 ಲಕ್ಷ ಕೋಟಿ ರೂಪಾಯಿಯ ತಿದ್ದುಪಡಿ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಅದರ ಮುಖ್ಯ ಬದಲಾವಣೆ, ಸಾಲನ್ನು ಉಂಗುರವಾಗಿಸುವುದು. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಡೇಟಾ ಬರಬೇಕು.

ಒಳ್ಳೆಯದೇ. ಆದರೆ ನೆಟ್‌ವರ್ಕ್ ಓದುವವರಾಗಿ ನಾವು ಮುಂದಿನ ಪ್ರಶ್ನೆ ಕೇಳಬೇಕು. ದಾರಿ ಎರಡಾಯಿತು ಸರಿ, ದಾರಿ ಬದಲಿಸು ಎಂದು ಹೇಳುವವರು ಎಲ್ಲಿದ್ದಾರೆ? ಇಂಥ ನೆಟ್‌ವರ್ಕುಗಳ ಮೇಲೆ ನಾಳೆ ಎಸ್‌ಡಿಎನ್ ಕಂಟ್ರೋಲರ್ ಬಂದು ಕೂತರೆ, ಅದರ ಆಜ್ಞೆಯೂ ಅದೇ ಫೈಬರಿನಲ್ಲಿ ಬರುವುದಾದರೆ, ಜೆಸಿಬಿಯ ಒಂದು ಏಟಿಗೆ ಡೇಟಾ ಮತ್ತು ಆಜ್ಞೆ ಎರಡೂ ಒಟ್ಟಿಗೆ ಹೋಗುತ್ತವೆ. ಹಾಗಾಗಿ ಉಂಗುರದ ದಾರಿ ಬದಲಾವಣೆ ಪಂಚಾಯಿತಿಯ ಪೆಟ್ಟಿಗೆಯೇ ಮಾಡುವ ಕೆಲಸವಾಗಬೇಕು, ಮೇಲಿನವರ ಒಪ್ಪಿಗೆಗೆ ಕಾಯುವ ಕೆಲಸವಾಗಬಾರದು. ಬೆಂಗಳೂರಿನಲ್ಲಿ ಮೂರಲ್ಲ, ಮೂವತ್ತು ಕಂಟ್ರೋಲರ್ ಇಟ್ಟರೂ ಕಡಿದ ತಂತಿಯ ಆ ಬದಿಯಲ್ಲಿರುವ ಸ್ವಿಚ್ಚಿಗೆ ಅವು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಎಲ್ಲ ಕಡೆಯೂ ಹಲವು ಕಂಟ್ರೋಲರ್ ಬೇಕು ಎಂಬುದು ನನ್ನ ವಾದವಲ್ಲ. ಇಪ್ಪತ್ತು ಸ್ವಿಚ್ಚಿನ ಕಾಲೇಜಿಗೆ ಒಂದು ಕಂಟ್ರೋಲರ್, ಪಕ್ಕದಲ್ಲಿ ಒಂದು ಸ್ಟ್ಯಾಂಡ್‌ಬೈ ಸಾಕು. ಅಲ್ಲಿ ಮೂವರ ಕ್ಲಸ್ಟರ್ ಕಟ್ಟುವುದು ನಾಮಕರಣಕ್ಕೆ ಪ್ಯಾಲೇಸ್ ಗ್ರೌಂಡ್ ಬುಕ್ ಮಾಡಿದಂತೆ. ಕಂಟ್ರೋಲರೇ ಇಲ್ಲದ ಹಳೆಯ ರೂಟಿಂಗ್ ಸಾಕಾಗುವ ಜಾಗಗಳೂ ಬೇಕಾದಷ್ಟಿವೆ. ಆಯ್ಕೆ ಮಾಡುವ ಮುನ್ನ ಏನು ಕೆಟ್ಟರೆ ಏನಾಗುತ್ತದೆ ಎಂದು ಬರೆದಿಟ್ಟುಕೊಂಡಿದ್ದಾರೋ ಇಲ್ಲವೋ ಎಂಬುದಷ್ಟೇ ನನ್ನ ಕೇಳಿಕೆ.

ಇದನ್ನು ಕಲಿಯಲು ದೊಡ್ಡ ಲ್ಯಾಬ್ ಬೇಡ. 2010ರಿಂದ ಮಿನಿನೆಟ್ ಎಂಬ ಉಚಿತ ಸಾಫ್ಟ್‌ವೇರ್ ಇದೆ, ಒಂದು ಲ್ಯಾಪ್‌ಟಾಪಿನೊಳಗೆ ಹತ್ತಾರು ಸ್ವಿಚ್ಚಿನ ನೆಟ್‌ವರ್ಕ್ ಕಟ್ಟಬಹುದು. ಪಕ್ಕದಲ್ಲಿ ಮೂರು ಓನೋಸ್ ಎಬ್ಬಿಸಿ. 8 ಜಿಬಿ ಮೆಮೊರಿಯಾದರೆ ಫ್ಯಾನ್ ಕೂಗುತ್ತದೆ, ಕೂಗಲಿ. ಈಗ ಪಿಂಗ್ ಹೋಯಿತು ಎಂದು ಸ್ಕ್ರೀನ್‌ಶಾಟ್ ತೆಗೆದು ರಿಪೋರ್ಟಿಗೆ ಅಂಟಿಸಿ ಎದ್ದುಬಿಡಬೇಡಿ, ಅಸಲಿ ಆಟ ಇರುವುದು ಇಲ್ಲಿಂದ ಮುಂದೆ. ಮಾಸ್ಟರ್ ಆಗಿರುವ ಪ್ರಾಸೆಸನ್ನು ಕೊಲ್ಲಿ, ಎಷ್ಟು ಪ್ಯಾಕೆಟ್ ಕಳೆದುಹೋದವು ಎಣಿಸಿ. ಎಲ್ಲರೂ ಜೀವಂತವಿರುವಾಗ ಕಂಟ್ರೋಲರ್‌ಗಳ ನಡುವಿನ ಸಂಪರ್ಕ ಮಾತ್ರ ಕಡಿದು, ಸ್ವಿಚ್ ಯಾರ ಮಾತು ಕೇಳುತ್ತದೆ ನೋಡಿ. ಹಳೆಯ ಮಾಸ್ಟರನ್ನು ಮತ್ತೆ ಎಬ್ಬಿಸಿ. ಕೊನೆಗೆ ಮೂವರನ್ನೂ ಕೊಲ್ಲಿ. ಆಗಲೇ ಮಾತಾಡುತ್ತಿದ್ದ ಎರಡು ಹೋಸ್ಟ್‌ಗಳ ಪಿಂಗ್ ಸ್ವಲ್ಪ ಹೊತ್ತು ನಡೆಯುತ್ತಲೇ ಇರುತ್ತದೆ, ಹೊಸ ಜೋಡಿಗೆ ಮಾತ್ರ ಮಾತೇ ಹೊರಡುವುದಿಲ್ಲ. ಫೇಲ್ ಸ್ಟ್ಯಾಟಿಕ್ ಎಂಬ ಪದ ಅಂದು ಅರ್ಥವಾದಷ್ಟು ಯಾವ ಪಿಪಿಟಿಯಿಂದಲೂ ಅರ್ಥವಾಗುವುದಿಲ್ಲ.

ಕೆಲಸದ ವಿಷಯಕ್ಕೆ ಬಂದರೆ, ಎಸ್‌ಡಿಎನ್ ಈಗ ಹಳೆಯ ಫ್ಯಾಷನ್, ಎಐ ಮಾಡು ಎಂದು ಸೀನಿಯರ್‌ಗಳು ಹೇಳುತ್ತಾರೆ. ಎಐ ಓಡುವುದೂ ಡೇಟಾ ಸೆಂಟರಿನಲ್ಲೇ ತಾನೆ? ಕ್ಲೌಡ್ ಕೆಲಸಕ್ಕೆ ಅರ್ಜಿ ಹಾಕುವವರೆಲ್ಲ ಕಲಿಯುವ ಕ್ಯೂಬರ್ನೆಟಿಸ್ ತನ್ನ ಲೆಕ್ಕಪುಸ್ತಕ ಇಡುವುದು ಎಟ್ಸಿಡಿ ಎಂಬ ಡೇಟಾಬೇಸಿನಲ್ಲಿ, ಅದು ನಡೆಯುವುದು ಇದೇ ರಾಫ್ಟ್ ಮೇಲೆ, ಇದೇ ಬೆಸ ಸಂಖ್ಯೆಯ ಲೆಕ್ಕದಲ್ಲಿ. ಹೊಸಕೋಟೆ ದಾಟಿ ವೈಟ್‌ಫೀಲ್ಡ್ ಕಡೆ ಬಸ್ ಹತ್ತುವ ಯಾವ ಕೆಲಸ ಸಿಕ್ಕರೂ ಈ ಲೆಕ್ಕ ಎದುರಾಗುವ ಸಾಧ್ಯತೆ ಇದೆ. ನಮ್ಮ ಲ್ಯಾಬುಗಳಲ್ಲಿ ಮೂರು ನೋಡ್‌ಗಳ ಸಿಮ್ಯುಲೇಷನ್, ಲೀಕಿ ಬಕೆಟ್ ಪ್ರೋಗ್ರಾಂ ಇರಲಿ, ಬೇಡ ಅನ್ನುವುದಿಲ್ಲ. ಅವುಗಳ ಪಕ್ಕದಲ್ಲಿ ಕೆಡಿಸಿ ನೋಡುವ ಒಂದೇ ಒಂದು ಪ್ರಯೋಗ ಸೇರಿಸಬಹುದು. ಪ್ರಾಜೆಕ್ಟ್ ಡೆಮೊ ದಿನ ಎಕ್ಸ್‌ಟರ್ನಲ್ ಬಂದು ‘ತೋರಿಸಿ’ ಎನ್ನುವ ಬದಲು ತಾವೇ ಒಂದು ಪ್ರಾಸೆಸ್ ಆರಿಸಿ ‘ಇದನ್ನು ಕೊಲ್ಲಿ’ ಎಂದರೆ ಸಾಕು, ಯಾವ ತಂಡ ಕೆಲಸ ಮಾಡಿದೆ, ಯಾವ ತಂಡ ಪ್ರಾಜೆಕ್ಟ್ ಕೊಂಡು ತಂದಿದೆ ಎಂಬುದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ನಾವು ನಾಲ್ವರು ಮುಂದಿನ ವರ್ಷದ ಪ್ರಾಜೆಕ್ಟಿಗೆ ಇದೇ ವಿಷಯದ ಸಿನಾಪ್ಸಿಸ್ ಬರೆದುಕೊಟ್ಟಿದ್ದೇವೆ. ಮೂರು ಜಿಲ್ಲೆ, ಮೂರು ಕಂಟ್ರೋಲರ್, ಒಂಬತ್ತು ರೀತಿಯಲ್ಲಿ ಕೆಡಿಸುವ ಪಟ್ಟಿ. ಗೈಡ್ ಪೂರ್ತಿ ಓದಿದರು, ‘ಚೆನ್ನಾಗಿದೆ’ ಅಂದರು. ಸಹಿ ಇನ್ನೂ ಆಗಿಲ್ಲ. ಟೈಟಲ್‌ನಲ್ಲಿ ಎಲ್ಲಾದರೂ ಎಐ ಸೇರಿಸಿಕೊಂಡು ಬರಬೇಕಂತೆ.